ಅಕ್ಕನ ಒಬ್ಬಟ್ಟು ಮತ್ತು ನನ್ನ ಕರುಳಿನ ಟ್ರಿಪ್ ಶೀಟು

“ಕ್ಯಾತನಹಳ್ಳಿ ಅಕ್ಕ ಒಬ್ಬಟ್ಟಲ್ಲಿ ಮದ್ದಿಕ್ಕವ್ಳೆ ಕಣ್ರವ್ವಾ. ಅಲ್ಲಿ ಉಂಡ್ಬಂದಾಗ್ಲೆಲ್ಲ ಆವಯ್ಯ ಚೊಂಬು ಇಡ್ಕಂಡು ಓಡದು ಅದುಕ್ಕೇಯ.”

ಶ್ರೀರಂಗಪಟ್ಟಣದ ನಮ್ಮ ಬೀದಿಯಲ್ಲಿ ನನ್ನ ಕಾಯಿಲೆಯ ಬಗ್ಗೆ ಚಾಲ್ತಿಯಲ್ಲಿರುವ ಇತಿಹಾಸ ಇಷ್ಟೇ. ಎರಡು ವಾಕ್ಯ. ಅದರಲ್ಲಿ ಆಪಾದಿತೆ ಇದ್ದಾಳೆ, ಆಯುಧವಿದೆ, ಸಾಕ್ಷ್ಯವೂ ಇದೆ. ಕಾಯಿಲೆ ನನ್ನದಾದರೂ ಅದರ ಇತಿಹಾಸವನ್ನು ರಚಿಸಿದವರು ಬೆಳಿಗ್ಗೆ ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ಸಾಲು ನಿಲ್ಲುವವರು. ಇಷ್ಟು ಅಚ್ಚುಕಟ್ಟಾದ ಇತಿಹಾಸ ಎಲ್ಲಿ ಕಂಡರೂ ನನಗೆ ಅನುಮಾನ ಬರುತ್ತದೆ. ಅದು ನನ್ನ ಹುಟ್ಟುಗುಣ.

ಮದ್ದು ಎಂದರೆ ಇಲ್ಲಿ ಔಷಧಿಯಲ್ಲ. ಆಗದವರಿಗೆ ಊಟದಲ್ಲಿ ಕಲಸಿ ಕೊಡುತ್ತಾರೆಂದು ನಮ್ಮ ಕಡೆಯ ಜನ ನಂಬಿರುವ ಒಂದು ವಸ್ತು. ಅದು ಹೊಟ್ಟೆಯ ಒಳಗೋಡೆಗೆ ಅಂಟಿಕೊಂಡು ವರ್ಷಗಟ್ಟಲೆ ಮನುಷ್ಯನನ್ನು ಸೊರಗಿಸುತ್ತದಂತೆ. ಅದನ್ನು ಅರೆಯುವಾಗ ಕಂಡವರಿಲ್ಲ, ಅದರ ಬಣ್ಣ ಬಲ್ಲವರಿಲ್ಲ. ಹಾಕಿದವರು ಯಾರೆಂಬುದು ಮಾತ್ರ ಎಲ್ಲರಿಗೂ ಗೊತ್ತು. ಬಹುಪಾಲು ಹೆಂಗಸೇ ಆಗಿರುತ್ತಾಳೆ, ಅದರಲ್ಲೂ ಅಡಿಗೆ ಚೆನ್ನಾಗಿ ಮಾಡುವವಳು.

ನನ್ನ ಅಕ್ಕ ಅಡಿಗೆಯನ್ನು ಬಹಳ ಚೆನ್ನಾಗಿ ಮಾಡುತ್ತಾಳೆ. ನನಗಿಂತ ಆರು ವರ್ಷ ದೊಡ್ಡವಳು, ಈಗ ಎಪ್ಪತ್ತನಾಲ್ಕು. ಪಾಂಡವಪುರದ ಆಚೆ ಕ್ಯಾತನಹಳ್ಳಿಯಲ್ಲಿ ಕಬ್ಬು ಬೆಳೆಯುವ ಭಾವನ ಮನೆಗೆ ಹೋಗಿ ಐವತ್ತು ವರ್ಷ ದಾಟಿತು. ಆ ಊರಿನಲ್ಲಿ ಯಾರ ಮನೆಯ ಶುಭಕಾರ್ಯವಾದರೂ ಒಬ್ಬಟ್ಟು ತಟ್ಟಲು ಮೊದಲು ಕರೆ ಬರುತ್ತಿದ್ದುದು ಅವಳಿಗೆ. ಮೈದಾ ಮತ್ತು ಚಿರೋಟಿ ರವೆಯ ಕಣಕವನ್ನು ಎಣ್ಣೆಯಲ್ಲಿ ನಾದಿ ನಾದಿ, ಒಳಗಿನ ಹೂರಣದ ಬಣ್ಣ ಹೊರಗೆ ಕಾಣುವಷ್ಟು ತೆಳ್ಳಗೆ ಅವಳು ತಟ್ಟುವುದನ್ನು ನೋಡಲೆಂದೇ ಹೊಸ ಸೊಸೆಯಂದಿರು ಸುತ್ತ ಕೂರುತ್ತಿದ್ದರು.

ಇನ್ನು ನನ್ನ ವಿಚಾರ. ಎಂಟನೇ ತರಗತಿಗೆ ಶಾಲೆ ಬಿಟ್ಟವನು. ಶ್ರೀರಂಗಪಟ್ಟಣದಿಂದ ಪಾಂಡವಪುರ, ಕೆ.ಆರ್.ಪೇಟೆಗಳ ಮೇಲೆ ನಾಗಮಂಗಲಕ್ಕೆ ಹೋಗುತ್ತಿದ್ದ ಒಂದು ಖಾಸಗಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿದ್ದೆ. ಪ್ರಯಾಣಿಕರು ಸೀಟಿನಲ್ಲಿ ಮರೆತುಹೋದ ಪುಸ್ತಕಗಳೇ ನನ್ನ ಕಾಲೇಜು. ವಾರಸುದಾರರು ಬರಲೆಂದು ಒಂದು ತಿಂಗಳು ಕಾಯುತ್ತಿದ್ದೆ, ಬಾರದಿದ್ದರೆ ಓದುತ್ತಿದ್ದೆ. ಹೀಗಾಗಿ ನನ್ನ ವಿದ್ಯೆಯಲ್ಲಿ ಪಶುವೈದ್ಯಕೀಯ, ಜ್ಯೋತಿಷ್ಯ ಮತ್ತು ಪಿಯುಸಿ ಜೀವಶಾಸ್ತ್ರದ ಎರಡನೆಯ ಭಾಗ ಸೇರಿಕೊಂಡಿವೆ. ಮೊದಲನೆಯ ಭಾಗವನ್ನು ಯಾರೂ ಮರೆತುಹೋಗಲಿಲ್ಲ.

ಹೊಟ್ಟೆಯ ತೊಂದರೆ ಶುರುವಾದದ್ದು ಕೆಲಸದ ಕೊನೆಯ ವರ್ಷಗಳಲ್ಲಿ. ಕಂಡಕ್ಟರನಿಗೆ ಮಂಡಿನೋವು ಬರಬಹುದು, ಗಂಟಲು ಕೂರಬಹುದು. ಭೇದಿ ಮಾತ್ರ ಬರಬಾರದು. ನಾಲ್ಕು ತಾಲ್ಲೂಕಿನ ರಸ್ತೆಯಲ್ಲಿ ಎಲ್ಲೆಲ್ಲಿ ಶೌಚಾಲಯವಿದೆ, ಅದರ ಬೀಗದ ಕೈ ಯಾರ ಬಳಿ ಇದೆ, ಸಂತೆಬಾಚಹಳ್ಳಿಯಲ್ಲಿ ಸಂತೆಯ ದಿನ ಯಾವ ಹೊಂಗೆಮರದ ಹಿಂದೆ ಜನ ಕಡಿಮೆ ಎಂಬುದನ್ನು ನಾನು ಟಿಕೆಟ್ಟು ದರದ ಸ್ಟೇಜುಗಳ ಹಾಗೆ ಬಾಯಿಪಾಠ ಮಾಡಿದ್ದೆ. ಒಂದು ಮಧ್ಯಾಹ್ನ ಹೊಸಹೊಳಲಿನ ಬಳಿ ನನ್ನ ಮುಖ ನೋಡಿದ ಡ್ರೈವರು ಕೇಳದೆಯೇ ಬ್ರೇಕು ಒತ್ತಿ, ಪ್ರಯಾಣಿಕರ ಕಡೆ ತಿರುಗಿ, “ಅತ್ತು ನಿಮಿಸ ಟೈಮದೆ, ಯಾರಾರ ಲಕ್ಷ್ಮೀನಾರಾಯಣನ್ನ ನೋಡ್ಬೇಕಂದ್ರೆ ನೋಡ್ಕಂಬನ್ನಿ” ಎಂದ. ನಾನು ದೇವಸ್ಥಾನದ ವಿರುದ್ಧ ದಿಕ್ಕಿಗೆ ಓಡಿದೆ. ಹಿಂತಿರುಗಿದಾಗ ವಯಸ್ಸಾದ ತಾಯಿಯೊಬ್ಬರು ನನ್ನ ತಲೆ ಮುಟ್ಟಿ, “ಕೇಳ್ದೇನೇ ದರ್ಸನ ಮಾಡುಸ್ದೆ ಕಣಪ್ಪ, ನಿನ್ನೊಟ್ಟೆ ತಣ್ಣಗಿರ್ಲಿ” ಎಂದು ಹರಸಿದರು. ಆ ಹರಕೆ ಫಲಿಸಲಿಲ್ಲ.

ನಿವೃತ್ತನಾದ ಮೇಲೂ ಹೊಟ್ಟೆ ನಿವೃತ್ತಿ ತೆಗೆದುಕೊಳ್ಳಲಿಲ್ಲ. ಅಂಗಿಗಳು ಮೊಳೆಗೆ ತೂಗುಹಾಕಿದಂತೆ ಮೈಮೇಲೆ ಜೋತಾಡತೊಡಗಿದವು. ರಕ್ತ ಕಡಿಮೆಯೆಂದು ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಎಷ್ಟು ನುಂಗಿದರೂ ರಕ್ತ ಏರಲಿಲ್ಲ. ಒಬ್ಬ ವೈದ್ಯರು ಗ್ಯಾಸ್ಟ್ರಿಕ್ ಎಂದರು. ಇನ್ನೊಬ್ಬರು ಅಮೀಬಾ ಎಂದರು. ಮೂರನೆಯವರು ನನ್ನ ಮುಖವನ್ನೂ ನೋಡದೆ “ವಯಸ್ಸಾಯ್ತಲ್ಲ” ಎಂದರು. ವಯಸ್ಸು ನನ್ನ ಡ್ರೈವರಿಗೂ ಆಗಿದೆ; ಅವನು ಇಂದಿಗೂ ಕಲ್ಲು ತಿಂದು ಅರಗಿಸುತ್ತಾನೆ. ಮೂವರೂ ಒಂದು ವಿಷಯದಲ್ಲಿ ಮಾತ್ರ ಒಮ್ಮತದಲ್ಲಿದ್ದರು: “ಹೊಟ್ಟೆ ಕೆಟ್ಟಾಗ ಬರೀ ಬ್ರೆಡ್ಡು, ರಸ್ಕು ತಗೊಳ್ಳಿ.”

ಇವರನ್ನು ನಂಬದೆ ನಾನೇ ಒಂದು ಸಿದ್ಧಾಂತ ಕಟ್ಟಿದೆ. ಜೀವಶಾಸ್ತ್ರದ ಎರಡನೆಯ ಭಾಗವನ್ನು ಆಧರಿಸಿ ಅಪರಾಧಿ ಹಾಲು ಎಂದು ಘೋಷಿಸಿ, ಒಂದು ವರ್ಷ ಹಾಲು, ಮೊಸರು, ಮಜ್ಜಿಗೆ ಬಿಟ್ಟೆ. ಎರಡು ಹಸು ಸಾಕಿ ದಿನಾ ಡೈರಿಗೆ ಹಾಲು ಹಾಕುವ ನನ್ನ ಹೆಂಡತಿ ಇದನ್ನು ತನ್ನ ಮೇಲಿನ ವೈಯಕ್ತಿಕ ದಾಳಿಯೆಂದೇ ಭಾವಿಸಿದಳು. ಹೊಟ್ಟೆ ಸ್ವಲ್ಪ ಸುಧಾರಿಸಿದಂತೆ ಕಂಡಿತು, ಆಮೇಲೆ ಮತ್ತೆ ಹಳೆಯ ದಾರಿ ಹಿಡಿಯಿತು.

ಆಗ ಹೊಳೆದದ್ದು ಟ್ರಿಪ್ ಶೀಟು. ಬಸ್ಸು ಯಾವ ಸ್ಟೇಜಿನಿಂದ ಎಷ್ಟು ಗಂಟೆಗೆ ಹೊರಟಿತು, ಎಲ್ಲಿ ನಿಂತಿತು, ದಾರಿಯಲ್ಲಿ ಏನಾಯಿತು ಎಂದು ಕಂಡಕ್ಟರು ತುಂಬಬೇಕಾದ ಹಾಳೆ ಅದು. ಬಸ್ಸು ಮಾರಿದಾಗ ಉಳಿದಿದ್ದ ಖಾಲಿ ಹಾಳೆಗಳ ಕಟ್ಟೊಂದು ನನ್ನ ಬಳಿಯೇ ಇತ್ತು. ‘ಹೊರಟ ಸಮಯ’ದ ಕೆಳಗೆ ನಾನು ಹೊರಟ ಸಮಯ ಬರೆದೆ. ‘ಟ್ರಿಪ್ ಸಂಖ್ಯೆ’ಗೆ ವಿವರಣೆ ಬೇಕಿಲ್ಲ. ‘ಪ್ರಯಾಣಿಕರು’ ಎಂಬ ಕಾಲಮಿನಲ್ಲಿ ಅಂದು ತಿಂದದ್ದನ್ನೆಲ್ಲ ಹತ್ತಿಸಿದೆ. ‘ಷರಾ’ದಲ್ಲಿ ‘ಎಕ್ಸ್‌ಪ್ರೆಸ್’, ‘ಲೋಕಲ್’, ‘ಬ್ರೇಕ್‌ಡೌನ್’ ಎಂದು ಮೂರು ದರ್ಜೆ ಮಾಡಿದೆ.

ನಾಲ್ಕು ತಿಂಗಳ ಹಾಳೆಗಳನ್ನು ಜೋಡಿಸಿದಾಗ ಒಂದು ವಿಷಯ ಎದ್ದು ಕಂಡಿತು. ಅಕ್ಕನ ಮನೆಗೆ ಹೋಗಿ ಒಬ್ಬಟ್ಟು ಉಂಡು ಬಂದ ಪ್ರತಿ ಸಲವೂ ಮರುದಿನದಿಂದ ಎಕ್ಸ್‌ಪ್ರೆಸ್. ಈ ಶೋಧವನ್ನು ನಾನು ಹೆಮ್ಮೆಯಿಂದ ಹೆಂಡತಿಗೆ ತೋರಿಸಿದೆ. ಅದೇ ನಾನು ಮಾಡಿದ ದೊಡ್ಡ ತಪ್ಪು. ಅವಳು ಹಾಳೆಯನ್ನು ನೋಡಿದಳು, ನನ್ನನ್ನು ನೋಡಿದಳು, ಮರುದಿನ ಡೈರಿಯ ಸಾಲಿನಲ್ಲಿ ನಿಂತಳು. ಮೇಲೆ ಉಲ್ಲೇಖಿಸಿದ ಇತಿಹಾಸ ಆ ಬೆಳಿಗ್ಗೆ ಹುಟ್ಟಿತು. ಅಂದರೆ ಅಕ್ಕನ ಮೇಲಿನ ಆರೋಪಕ್ಕೆ ಮೂಲ ದಾಖಲೆ ಒದಗಿಸಿದವನು ನಾನೇ.

ಮದ್ದನ್ನು ನಾನು ನಂಬುವುದಿಲ್ಲವೆಂದು ಮನೆಯಲ್ಲಿ ದೊಡ್ಡ ಗಂಟಲಿನಲ್ಲಿ ಹೇಳಿದೆ. ಆದರೆ ಗೌರಿ ಹಬ್ಬದಲ್ಲಿ ಅಕ್ಕನಿಗೆ ಬಾಗಿನ ಕೊಡಲು ಹೊರಟಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತು, “ಕೊಟ್ಬುಟ್ಟು ಬನ್ನಿ, ಅಲ್ಲಿ ಒಂದ್ ತೊಟ್ಟು ನೀರ್ ಕುಡುದ್ರೂ ನನ್ನಾಣೆ” ಎಂದಳು. ಮನೆಯಲ್ಲಿ ಶಾಂತಿಯಿರಲಿ ಎಂಬ ನೆಪದಲ್ಲಿ ಒಪ್ಪಿಕೊಂಡೆ. ಕ್ಯಾತನಹಳ್ಳಿಯಲ್ಲಿ ಮೊರ ಕೊಟ್ಟವನೇ ಚಪ್ಪಲಿಯಲ್ಲಿ ಕಾಲು ತೂರಿಸಿದೆ.

“ಯಾಕ್ಲಾ? ಎಲೆ ಆಕಿವ್ನಿ, ಉಣ್ಣಲ್ವಾ?” ಎಂದಳು ಅಕ್ಕ.

“ಇಲ್ಲ ಕಣಕ್ಕ, ಬಸ್ಸು ಒಂಟೋಯ್ತದೆ.”

“ಮೂವತ್ತೊರ್ಸ ಬಸ್ಸು ನಿಲ್ಸಿದೋನು ನೀನು. ಇವತ್ತು ನಿನ್ನ ಬುಟ್ಟು ಬಸ್ಸು ಓಯ್ತದಾ?”

ನಾನು ಅಂಗಳಕ್ಕೆ ಇಳಿದೆ. ನೀರಿನ ಚೊಂಬು ಅವಳ ಕೈಯಲ್ಲೇ ಉಳಿಯಿತು.

ಶ್ರೀರಂಗಪಟ್ಟಣದ ಮಾತು ಕ್ಯಾತನಹಳ್ಳಿಗೆ ಹೋಗಲು ಹದಿನೈದು ದಿನ ಹಿಡಿಯಿತು. ನಮ್ಮ ಬಸ್ಸಿಗಿಂತ ನಿಧಾನ, ಆದರೆ ಎಲ್ಲ ಮನೆಯ ಮುಂದೂ ನಿಂತು ಹೋಯಿತು. ಆ ಊರಿನ ಒಂದು ಗೃಹಪ್ರವೇಶಕ್ಕೆ ಒಬ್ಬಟ್ಟು ತಟ್ಟಲು ಅಕ್ಕನನ್ನು ಕರೆಯಲಿಲ್ಲ. ಊಟಕ್ಕೆ ಕರೆದರು, ಒಲೆಯ ಬಳಿಗೆ ಕರೆಯಲಿಲ್ಲ. ಆಮೇಲೊಂದು ನಾಮಕರಣಕ್ಕೂ ಹಾಗೆಯೇ ಆಯಿತು. ಅಕ್ಕ ಫೋನು ಮಾಡಿ, “ನಮ್ಮನೇಲಿ ಉಣ್ಣಂಗಿದ್ರೆ ಬಾ. ಇಲ್ದಿದ್ರೆ ನನ್ ಒಸ್ಲೂ ತುಳೀಬ್ಯಾಡ” ಎಂದು ಹೇಳಿ ಇಟ್ಟುಬಿಟ್ಟಳು. ಅಲ್ಲಿಯವರೆಗೆ ನನ್ನ ಹೊಟ್ಟೆಗೆ ಸರಿಯಾದ ಹೆಸರು ಸಿಗಬೇಕೆಂಬುದು ನನ್ನ ಹಟವಷ್ಟೇ ಆಗಿತ್ತು. ಅಂದಿನಿಂದ ಅದು ಅಕ್ಕನ ಕೈಯ ಮರ್ಯಾದೆಯ ಪ್ರಶ್ನೆಯಾಯಿತು.

ಮೊದಲು ಮದ್ದಿನ ಕಥೆಯನ್ನೇ ಮುರಿಯೋಣವೆಂದುಕೊಂಡೆ. ನಾಗಮಂಗಲದಿಂದ ಒಳಕ್ಕೆ ಒಂದು ಊರಿನಲ್ಲಿ ಮದ್ದು ತೆಗೆಯುವ ಹಿರಿಯರೊಬ್ಬರಿದ್ದರು. ಹೆಂಡತಿ ಬಹಳ ದಿನಗಳಿಂದ ಕಾಡುತ್ತಿದ್ದಳಾದ್ದರಿಂದ ಒಪ್ಪಿ, ಅವಳನ್ನೂ ಅವಳ ತಮ್ಮನನ್ನೂ ಜೊತೆಗೆ ಕರೆದುಕೊಂಡು ಹೋದೆ. ನನ್ನ ಈ ಬಾಮೈದ ಎತ್ತಿನಂತಹ ಆಳು. ಜೀವಮಾನದಲ್ಲಿ ಹೊಟ್ಟೆ ಹಿಡಿದು ಕೂತವನಲ್ಲ. ಆ ಹಿರಿಯರು ಖಾಲಿ ಹೊಟ್ಟೆಗೆ ಒಂದು ಲೋಟ ಹಾಲು ಕುಡಿಸಿದರು, ಸ್ವಲ್ಪ ಹೊತ್ತು ಬಿಟ್ಟು ಅದರ ಮೇಲೊಂದು ಹಸಿರು ರಸ ಕುಡಿಸಿದರು. ನಾನು ಬೋಗುಣಿಗೆ ವಾಂತಿ ಮಾಡಿಕೊಂಡೆ. ಅವರು ಕಡ್ಡಿಯಿಂದ ಕೆದಕಿ ಬಿಳಿಯ ಗಂಟೊಂದನ್ನು ಎತ್ತಿ ತೋರಿಸಿದರು. “ನೋಡಿ, ಇದೇಯ ಮದ್ದು.”

ನಾನು ಬಾಯಿ ಒರೆಸಿಕೊಂಡು, “ಇವ್ನಿಗೂ ಅದೇ ಕೊಡಿ” ಎಂದೆ.

“ನಂಗ್ಯಾಕ್ ಬಾವ? ನಂಗೇನಾಗದೆ?” ಎಂದ ಬಾಮೈದ.

“ಏನೂ ಆಗಿಲ್ಲ, ಅದುಕ್ಕೇ ಕುಡಿ ಕಣ್ಲಾ.”

ಕುಡಿದ. ಬೋಗುಣಿಯಲ್ಲಿ ನನ್ನದಕ್ಕಿಂತ ದೊಡ್ಡ ಗಂಟು ಬಂತು. ರಸ ಬಿದ್ದರೆ ಯಾರ ಹೊಟ್ಟೆಯ ಹಾಲಾದರೂ ಒಡೆಯುತ್ತದೆ, ಗಂಟಾಗುತ್ತದೆ. ನನ್ನ ವಾದ ಗೆದ್ದಿತ್ತು. ಹಿಗ್ಗಿನಿಂದ ಹೆಂಡತಿಯ ಕಡೆ ತಿರುಗಿದೆ. ಅವಳು ಎದೆ ಹಿಡಿದುಕೊಂಡು ಕೂತಿದ್ದಳು. ಆ ಹಿರಿಯರು ಬಹಳ ಮರುಕದಿಂದ, “ನಿಮ್ ಪುಣ್ಯ ಸ್ವಾಮಿ. ಇವತ್ತು ಕರ್ಕಂಬರ್ದಿದ್ರೆ ಇವ್ರಿಗಿಕ್ಕಿರೋದು ಗೊತ್ತೇ ಆಯ್ತಿರ್ಲಿಲ್ಲ” ಎಂದರು.

ಕೆ.ಆರ್.ಪೇಟೆಯಲ್ಲಿ ಬಾಮೈದ ನನ್ನ ಪಕ್ಕದ ಸೀಟಿಗೆ ಬಂದು ಕೂತ. ಆಮೇಲೆ ಮೆಲ್ಲಗೆ, “ಬಾವ, ನಂಗ್ಯಾರಿಕ್ಕಿರ್ಬೋದು?” ಎಂದ.

“ಯಾರೂ ಇಕ್ಕಿಲ್ಲ ಕಣ್ಲಾ. ಅದು ಒಡ್ದಾಲು. ನಂದೂ ಅದೇಯ.”

“ನಿಮ್ದು ಚಿಕ್ಕದಿತ್ತು, ನೀವಂಗೇ ಅಂತೀರಿ. ನಂದ್ ನೋಡುದ್ರಾ ಎಷ್ಟಿತ್ತು?”

ಪಾಂಡವಪುರ ದಾಟುವಷ್ಟರಲ್ಲಿ ಅವನ ಅನುಮಾನ ತನ್ನ ಹೆಂಡತಿಯ ಮೇಲೆ ನಿಂತಿತ್ತು. ಎರಡು ತಿಂಗಳು ಅವನು ತನ್ನ ಮುದ್ದೆಯನ್ನು ತಾನೇ ತಿರುವಿಕೊಂಡು ಉಂಡ. ಒಂದು ಸುಳ್ಳನ್ನು ಬಯಲು ಮಾಡಲು ಹೋಗಿ ಎರಡನೆಯ ಮನೆಗೂ ಅದನ್ನು ಹಂಚಿಬಂದಿದ್ದೆ.

ಕೊನೆಗೆ, ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಹೊಟ್ಟೆಯನ್ನೇ ಓದಿರುವ ವೈದ್ಯೆಯೊಬ್ಬರಿದ್ದಾರೆಂದು ತಿಳಿದು, ಟ್ರಿಪ್ ಶೀಟುಗಳ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದೆ. ನನ್ನ ಮಗಳ ವಯಸ್ಸಿನವರು. ‘ಬ್ರೇಕ್‌ಡೌನ್’ ಎಂಬಲ್ಲಿ ನಕ್ಕರು, ಆದರೆ ಒಂದೂ ಹಾಳೆ ಬಿಡದೆ ಓದಿದರು. ನಂತರ ಪೆನ್ನಿನ ತುದಿಯನ್ನು ಒಂದು ಕಡೆ ಇಟ್ಟರು.

“ಯಜಮಾನ್ರೇ, ಈ ಐದು ದಿನ ಊಟದ ಕಾಲಂ ಖಾಲಿ ಇದೆ. ಉಪವಾಸನಾ?”

“ಇಲ್ಲ ಮೇಡಂ, ಒಟ್ಟೆ ಕೆಟ್ಟಿತ್ತಲ್ಲ. ಏನೂ ತಿಂದಿಲ್ಲ. ಬರೀ ಬ್ರೆಡ್ಡು.”

“ಬ್ರೆಡ್ಡು ತಿಂದ್ರೆ ತಿಂದ ಹಾಗಲ್ವಾ?”

ನಾನು ನಿಜವಾಗಿಯೂ ದಂಗಾದೆ. ನಮ್ಮಲ್ಲಿ ಬ್ರೆಡ್ಡು ಊಟವಲ್ಲ. ಅದು ಕಾಯಿಲೆಯವರ ವಸ್ತು. ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋಗುವಾಗ ಕೈಯಲ್ಲಿ ಹಿಡಿದುಕೊಂಡು ಹೋಗುವಂಥದ್ದು. ಆರೋಗ್ಯವಂತನೊಬ್ಬ ಮನೆಯಲ್ಲಿ ಕೂತು ಬ್ರೆಡ್ಡು ತಿಂದರೆ ‘ಏನಾಯ್ತಪ್ಪ?’ ಎಂದು ವಿಚಾರಿಸುವ ಸೀಮೆ ನಮ್ಮದು. ಹಾಗಾಗಿ ಮೂವತ್ತು ವರ್ಷ ಒಬ್ಬ ಪ್ರಯಾಣಿಕನನ್ನೂ ಬಿಡದೆ ಬರೆದ ನಾನು ಬ್ರೆಡ್ಡು, ರಸ್ಕುಗಳನ್ನು ಶೀಟಿಗೆ ಹತ್ತಿಸಿರಲೇ ಇಲ್ಲ. ಟಿಕೆಟ್ಟಿಲ್ಲದೆ ಪ್ರಯಾಣ ಮಾಡಿದ್ದವರು ಅವರೇ. ವೈದ್ಯೆ ಆ ಖಾಲಿ ಜಾಗಗಳನ್ನೆಲ್ಲ ನನ್ನಿಂದಲೇ ತುಂಬಿಸಿದರು. ಹೊಟ್ಟೆ ಕೆಡುತ್ತಿತ್ತು, ಬ್ರೆಡ್ಡು ತಿನ್ನುತ್ತಿದ್ದೆ, ಇನ್ನಷ್ಟು ಕೆಡುತ್ತಿತ್ತು, ಇನ್ನಷ್ಟು ಬ್ರೆಡ್ಡು ಬರುತ್ತಿತ್ತು.

“ಗೋಧಿ ಒಗ್ಗದ ಒಂದು ಕಾಯಿಲೆ ಇದೆ. ಸೀಲಿಯಾಕ್ ಅಂತಾರೆ. ನಿಮ್ಮ ಕಡೆ ಅಪರೂಪ, ಅದಕ್ಕೇ ಯಾರಿಗೂ ಹೊಳೆಯೋದಿಲ್ಲ. ಅನುಮಾನ ಅಷ್ಟೇ. ರಕ್ತ ಪರೀಕ್ಷೆ ಮಾಡಿ ನೋಡೋಣ,” ಎಂದರು. ಹಾಲಿನ ವಿಷಯ ಕೇಳಿದ್ದಕ್ಕೆ, ಕರುಳು ಸವೆದಾಗ ಕೆಲವರಿಗೆ ಹಾಲೂ ಒಗ್ಗುವುದಿಲ್ಲವೆಂದರು. ನನ್ನ ಸಿದ್ಧಾಂತಕ್ಕೆ ಅರ್ಧ ಅಂಕವಾದರೂ ಬಂದಿತು. ಅದನ್ನು ಇಂದಿಗೂ ಯಾರಿಗೂ ಬಿಟ್ಟುಕೊಟ್ಟಿಲ್ಲ.

ಪರೀಕ್ಷೆ ಮಾಡಿಸದೆ ನಾನು ಮನೆಗೆ ಹೋದೆ. ಮೊದಲು ನಾನೇ ಪರೀಕ್ಷಿಸಿ ನೋಡಬೇಕಲ್ಲ! ಮೂರು ತಿಂಗಳು ಗೋಧಿ, ಮೈದಾ, ರವೆ ಎಲ್ಲ ಬಿಟ್ಟೆ. ಮುದ್ದೆ, ಅನ್ನ, ಸೊಪ್ಪಿನ ಸಾರು. ಹೊಟ್ಟೆ ಕೂತಿತು, ಅಂಗಿ ತುಂಬಿತು. ಬೀಗುತ್ತಾ ಮೈಸೂರಿಗೆ ಹೋಗಿ, “ಮೇಡಂ, ನಿಮ್ಮ ಅನುಮಾನ ಸರಿ. ಈಗ ಬರ್ಕೊಡಿ” ಎಂದೆ.

ಆ ತಾಯಿಗೆ ಕೋಪ ಬಂತು. “ಗೋಧಿ ಬಿಟ್ಟ ಮೇಲೆ ಪರೀಕ್ಷೆಯಲ್ಲಿ ಏನೂ ಕಾಣದೇ ಇರಬಹುದು. ಏನಂತ ಬರೆದುಕೊಡಲಿ? ನಿಜವಾಗಿ ಗೊತ್ತಾಗಬೇಕು ಅಂದ್ರೆ ಮತ್ತೆ ಆರು ವಾರ ದಿನಾ ಗೋಧಿ ತಿನ್ನಿ, ಆಮೇಲೆ ಬನ್ನಿ. ತುಂಬಾ ಕಷ್ಟ ಆದ್ರೆ ಮೊದಲೇ ಫೋನ್ ಮಾಡಿ.”

ಹೊಟ್ಟೆ ನೆಟ್ಟಗಿದ್ದವನು ಅದನ್ನು ಬೇಕೆಂದೇ ಕೆಡಿಸಿಕೊಳ್ಳಬೇಕು. ನನ್ನ ಹೆಂಡತಿ ಖಂಡತುಂಡವಾಗಿ, “ನನ್ ಕೈಲಾಗಕಿಲ್ಲ” ಎಂದಳು. ಹೆಸರೊಂದು ಕಾಗದದ ಮೇಲೆ ಬರದಿದ್ದರೂ ನನ್ನ ಮಟ್ಟಿಗೆ ನಷ್ಟವಿರಲಿಲ್ಲ; ಮುದ್ದೆ ಉಂಡು ಸುಖವಾಗಿರಬಹುದಿತ್ತು. ಆದರೆ ಬೀದಿಯವರು ಆಗಲೇ, “ನಾಗಮಂಗಲದಲ್ಲಿ ಮದ್ದು ತೆಗುಸ್ದಾಗಿಂದ ಆವಯ್ಯ ಚೆಂದಾಗವ್ನೆ” ಎನ್ನತೊಡಗಿದ್ದರು. ನಾನು ಹೀಗೆಯೇ ಸುಮ್ಮನೆ ಗುಣವಾದರೆ ಅಕ್ಕನ ತಪ್ಪು ಸಾಬೀತಾದಂತೆಯೇ. ಬ್ಯಾಗಿಗೆ ಎರಡು ಲುಂಗಿ, ಟ್ರಿಪ್ ಶೀಟು ಹಾಕಿಕೊಂಡು ಕ್ಯಾತನಹಳ್ಳಿಯ ಬಸ್ಸು ಹತ್ತಿದೆ.

ಅಕ್ಕ ಹೊಸಿಲಿನ ಮೇಲೆಯೇ ನಿಂತಿದ್ದಳು. “ಉಣ್ಣಂಗಿದ್ರೆ ಒಳಿಕ್ಕೆ ಬಾ.”

“ಉಣ್ಣಕ್ಕೇ ಬಂದಿವ್ನಿ. ಆರು ವಾರ.”

ಎಲ್ಲವನ್ನೂ ವಿವರಿಸಿದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಕೇಳಿದಳು. “ಅಂದ್ರೆ, ನಾನ್ ಇಕ್ಬೇಕು, ನೀನ್ ಉಂಡು ಒಟ್ಟೆ ಕೆಡುಸ್ಕಬೇಕು, ಅದುನ್ನ ಡಾಕ್ಟ್ರು ನೋಡ್ಬೇಕು?”

“ಊಂ ಕಣಕ್ಕ.”

“ನಿನ್ನೆಂಡ್ತಿ ಬಾಯ್ಗೆ ಇನ್ನೂ ಸಕ್ರೆ ಆಕ್ದಂಗಾಯ್ತದೆ ಕಣ್ಲಾ ಪೆದ್ದು ಮುಂಡೇದೇ!” ಎಂದು ಬೈದಳು. ಬೈದವಳೇ ಕಡಲೆಬೇಳೆ ಬೇಯಲಿಟ್ಟಳು.

ಆರು ವಾರ ಒಬ್ಬಟ್ಟು, ಚಪಾತಿ, ಉಪ್ಪಿಟ್ಟು ಸರದಿಯ ಮೇಲೆ ಬಂದವು. ಅಕ್ಕ, ಭಾವ ಅದೇ ಬಾಣಲೆಯದನ್ನೇ ತಿಂದರು. ಪಕ್ಕದ ಮನೆಯವರನ್ನೂ ಕರೆದು ಬಲವಂತವಾಗಿ ತಿನ್ನಿಸಿದೆ. ಅವರೆಲ್ಲ ಗಟ್ಟಿಯಾಗಿದ್ದರು. ನಾನು ಎರಡನೆಯ ವಾರದಿಂದಲೇ ಕಬ್ಬಿನ ಗದ್ದೆಯ ಅಂಚಿನ ಶೌಚಾಲಯದ ಖಾಯಂ ಪ್ರಯಾಣಿಕನಾದೆ. ನಾಲ್ಕನೆಯ ವಾರ ಅಕ್ಕ ಒಬ್ಬಟ್ಟಿನ ತಟ್ಟೆ ಮುಂದಿಟ್ಟು ಮುಖ ತಿರುಗಿಸಿಕೊಂಡಳು. “ಸಾಕು ಬುಡ್ಲಾ. ನನ್ನ ಅನ್ನೋರು ಅಂದ್ಕಳ್ಲಿ. ನೀನ್ ಇಂಗ್ ಸೊರಗದು ನೋಡಕಾಗಕಿಲ್ಲ.” ನಾನು ಅವಳ ಮುಂದೆಯೇ ಒಂದರ ಮೇಲೊಂದು ಮೂರು ಒಬ್ಬಟ್ಟು ತಿಂದೆ. ರುಚಿಯಲ್ಲಿ ಎಳ್ಳಷ್ಟೂ ಕಡಿಮೆಯಿರಲಿಲ್ಲ. ಅದೇ ಬೇಸರದ ಸಂಗತಿ.

ರಕ್ತ ಪರೀಕ್ಷೆ ಹೌದೆಂದಿತು. ಗಂಟಲಿಗೆ ಮರಗಟ್ಟಿಸುವ ಔಷಧಿ ಸಿಂಪಡಿಸಿ, ಒಬ್ಬಟ್ಟು ಹೋದ ದಾರಿಯಲ್ಲೇ ಕ್ಯಾಮೆರಾ ಇಳಿಸಿ, ಸಣ್ಣ ಕರುಳಿನ ಚೂರುಗಳನ್ನು ತೆಗೆದರು. ಹತ್ತು ದಿನದ ಮೇಲೆ ವರದಿ ಬಂತು. ನಿಘಂಟು ಹಿಡಿದು ನಾನೇ ಮೊದಲು ಓದಿದೆ: ಒಳಗೋಡೆಯ ಮೇಲೆ ಹುಲ್ಲಿನಂತೆ ನಿಂತಿರಬೇಕಾದ ಎಳೆಗಳು ಸವೆದು ಚಪ್ಪಟೆಯಾಗಿವೆ, ಸೀಲಿಯಾಕ್ ಕಾಯಿಲೆಗೆ ಹೊಂದುತ್ತದೆ.

“ಮೇಡಂ, ಇದ್ರಲ್ಲಿ ಯಾರೂ ಮದ್ದು ಹಾಕಿಲ್ಲ ಅಂತ ಎಲ್ಲೂ ಬರೆದಿಲ್ವಲ್ಲ?” ಎಂದೆ.

“ಅದಕ್ಕೆ ವರದಿಯಲ್ಲಿ ಕಾಲಂ ಇಲ್ಲ ಯಜಮಾನ್ರೇ.”

ಅಕ್ಕನ ಕಥೆಯನ್ನು ಪೂರ್ತಿ ಹೇಳಿದೆ. ಹೊರಗೆ ಕಾಯುತ್ತಿದ್ದವರು ಗೊಣಗುತ್ತಿದ್ದರು. ವೈದ್ಯೆ ತಮ್ಮ ಚೀಟಿಯ ಹಾಳೆಯನ್ನು ಎಳೆದುಕೊಂಡು ಬರೆಯತೊಡಗಿದರು.

ವರದಿಯನ್ನೂ ಚೀಟಿಯನ್ನೂ ಮೊದಲು ನಮ್ಮ ಡೈರಿಯ ಮುಂದೆ ಓದಿದೆ. ಸಾಲಿನಲ್ಲಿದ್ದ ಒಬ್ಬಾಕೆ, “ನಾವೇಳಿರ್ಲಿಲ್ವಾ, ಅಕ್ಕನ ಮನೆ ಒಬ್ಬಟ್ಟಲ್ಲೇ ಇತ್ತು ಅಂತ?” ಎಂದಳು. “ಇತ್ತು ತಾಯಿ. ನೀನು ನನ್ನ ನೋಡಕ್ಕೆ ಬರೋವಾಗ ತಂದ ನಾಕು ಪೌಂಡು ಬ್ರೆಡ್ಡಲ್ಲೂ ಇತ್ತು. ಅದ್ರ ಪ್ರಕಾರ ಈ ಬೀದಿಯವ್ರೆಲ್ಲ ಸೇರಿ ನಂಗೆ ಮದ್ದಿಕ್ಕಿದೀರಿ” ಎಂದೆ. ಸಾಲು ಬೇಗ ಬೇಗ ಮುಂದೆ ಸರಿಯಿತು. ನನ್ನ ಹೆಂಡತಿ ಕ್ಯಾನು ಎತ್ತಿಕೊಂಡು ಮನೆಯ ಕಡೆ ನಡೆದಳು. ಆದರೆ ಆ ವಾರವೇ ಒಂದು ಕ್ಯಾನು ತುಪ್ಪ ಕಾಯಿಸಿಕೊಂಡು ನನ್ನ ಜೊತೆ ಕ್ಯಾತನಹಳ್ಳಿಗೆ ಹೊರಟಳು.

ಅಕ್ಕ ಎರಡನ್ನೂ ಓದಿಸಿ ಕೇಳಿಸಿಕೊಂಡಳು. “ಅಂಗಾದ್ರೆ ನಿನ್ನೊಟ್ಟೆ ಕೆಡ್ಸಿದ್ದು ನನ್ನೊಬ್ಬಟ್ಟೇ ಅಲ್ವೇನ್ಲಾ?”

“ಒಬ್ಬಟ್ಟು ಕಣಕ್ಕ, ನೀನಲ್ಲ.”

“ಮಾಡ್ದೋಳು ನಾನೇ ಅಲ್ವಾ?”

“ಮಾಡ್ದೋಳು ನೀನು. ಬ್ಯಾಡ ಅಂದ್ರೂ ಆರಾರು ತಿಂದೋನು ನಾನು.”

ಅವಳು ನಗಲಿಲ್ಲ. ಚೀಟಿಯನ್ನು ಕೇಳಿ ಇಸಿದುಕೊಂಡು, ಓದು ಬಾರದಿದ್ದರೂ ಎರಡೂ ಬದಿ ತಿರುಗಿಸಿ ನೋಡಿ, “ಇದು ನಂತಾವೇ ಇರ್ಲಿ” ಎಂದಳು. ಕಳೆದ ತಿಂಗಳು ಆ ಊರಿನ ಒಂದು ಮದುವೆಗೆ ಒಬ್ಬಟ್ಟು ತಟ್ಟಲು ಕರೆಯಲು ಬಂದವರಿಗೆ ಅವಳು ಎಲೆಯಡಿಕೆ ಕೊಡುವ ಮೊದಲು ಅದನ್ನೇ ಕೊಟ್ಟು, ಗಟ್ಟಿಯಾಗಿ ಓದಿಸಿದಳಂತೆ. ಆಮೇಲಷ್ಟೇ ಒಪ್ಪಿಕೊಂಡಳಂತೆ.

ಕರುಳಿನ ಚೂರು ಮೇಣದ ಅಚ್ಚಿನಲ್ಲಿ ಪ್ರಯೋಗಾಲಯದಲ್ಲಿದೆ. ವರದಿಯ ಮೇಲಿನ ಸಂಖ್ಯೆ ಹೇಳಿದರೆ ಯಾವ ವೈದ್ಯರು ಬೇಕಾದರೂ ತರಿಸಿ ನೋಡಬಹುದು. ಚೀಟಿಗೆ ಪ್ಲಾಸ್ಟಿಕ್ ಹೊದಿಸಿ ಅಕ್ಕನ ಮನೆಯ ಪಡಸಾಲೆಯಲ್ಲಿ, ಕನ್ನಡಿಯ ಪಕ್ಕ ಮೊಳೆ ಹೊಡೆದು ತೂಗುಹಾಕಿದೆ. ನನ್ನ ಮಾತು ನಂಬದವರು ಹೋಗಿ ಓದಿಕೊಳ್ಳಬಹುದು. ವೈದ್ಯರ ಅಕ್ಷರವಾದರೂ ಓದಲು ಬರುತ್ತದೆ, ಕೆಳಗೆ ಸಹಿಯೂ ಮೊಹರೂ ಇವೆ: “ಇವರ ಕರುಳಿನ ಕಾಯಿಲೆಗೆ ಕಾರಣ ಗೋಧಿಯಲ್ಲಿ ಸಹಜವಾಗಿರುವ ಒಂದು ಅಂಶ ಇವರ ದೇಹಕ್ಕೆ ಒಗ್ಗದಿರುವುದು. ಇವರ ಊಟದಲ್ಲಿ ಯಾರೂ ಏನನ್ನೂ ಬೆರೆಸಿಲ್ಲ. ಇವರ ಅಕ್ಕ ಮಾಡಿದ ಅಡಿಗೆಯನ್ನು ಬೇರೆ ಎಲ್ಲರೂ ನಿಶ್ಚಿಂತೆಯಿಂದ ಉಣ್ಣಬಹುದು.”